ಗರಗಸದ ಹೊಟ್ಟಿಗೊಂದು ದಾರಿ

ಮನೆಯಲ್ಲೇ ಬಡಗಿ ಕೆಲಸ ಶುರುಮಾಡಬೇಕೆನ್ನುವ ತರುಣರು ಈಗಲೂ ಬೆಟಗೇರಿಯ ನನ್ನ ಮನೆಗೆ ಬರುತ್ತಾರೆ. ಕುಳಿತು ಚಹಾ ಕುಡಿದ ಮೇಲೆ ಹೆಚ್ಚುಕಡಿಮೆ ಎಲ್ಲರೂ ಕೇಳುವುದು ಒಂದೇ ಮಾತು: "ಅಜ್ಜಾರ, ಎಷ್ಟು ಇಂಚಿನ ಬ್ಲೇಡಿನ ಮಶಿನ್ ತಗೋಬೇಕ್ರಿ?" ಅದರಿಂದ ಏಳುವ ಹೊಟ್ಟು ಎಲ್ಲಿಗೆ ಹೋಗಬೇಕು ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಅವರನ್ನು ತಪ್ಪು ಅನ್ನಲಾರೆ. ನನ್ನ ಕಾಲಕ್ಕೆ ನಾನೂ ಕೇಳಿರಲಿಲ್ಲ. ಕೇಳದೆ ಏನೇನು ಅನುಭವಿಸಿದೆ, ಯಾರ್‍ಯಾರಿಗೆ ತೊಂದರೆ ಕೊಟ್ಟೆ ಎಂಬುದನ್ನು ಇದ್ದದ್ದು ಇದ್ದಂತೆ ಬರೆದಿಡುತ್ತೇನೆ.

ನಾನು ಕಸುಬು ಕಲಿತದ್ದು ಲಕ್ಷ್ಮೇಶ್ವರದಲ್ಲಿ, ನಮ್ಮ ಕಾಕಾ ಕಾಳಪ್ಪನವರ ಕೈಕೆಳಗೆ. ಅಪ್ಪ ಬೇಗ ತೀರಿಹೋದದ್ದರಿಂದ ನನ್ನನ್ನು ಸಾಕಿದವರೂ ಅವರೇ. ಆಗ ನಮ್ಮ ಕಡೆ ದಿಮ್ಮಿ ಕೊಯ್ಯುವುದೆಂದರೆ ಆಳೆತ್ತರದ ಕುಣಿ ತೋಡಿ, ಅದರ ಮೇಲೆ ದಿಮ್ಮಿ ಅಡ್ಡ ಹಾಕಿ, ಉದ್ದ ಗರಗಸದ ಒಂದು ತುದಿಯನ್ನು ಮೇಲೆ ನಿಂತವನು, ಇನ್ನೊಂದು ತುದಿಯನ್ನು ಕುಣಿಯಲ್ಲಿ ನಿಂತವನು ಹಿಡಿದು ಎಳೆಯುವುದು. ಮೇಲಿನವನಿಗೆ ಗಾಳಿ ಬೆಳಕು ಇರುತ್ತಿತ್ತು. ಕೆಳಗಿನವನ ಕಣ್ಣು ಮೂಗು ಬಾಯಿಗೆ ದಿನವಿಡೀ ಹೊಟ್ಟಿನ ಮಳೆ.

ಬೇರೆ ಕುಣಿಗಳಲ್ಲಿ ಮೇಸ್ತ್ರಿ ಮೇಲೆ ನಿಲ್ಲುತ್ತಿದ್ದ, ಕಲಿಯುವವನು ಕೆಳಗೆ ಇಳಿಯುತ್ತಿದ್ದ. ನಮ್ಮಲ್ಲಿ ಕಾಕಾ ತಾವೇ ತಲೆಗೆ ಪಂಜೆ ಸುತ್ತಿಕೊಂಡು ಕೆಳಗೆ ಇಳಿಯುತ್ತಿದ್ದರು. "ಗೆರಿ ಕಾಯೂದು ಮ್ಯಾಲಿನಾವನ ಕೆಲಸ. ನೀ ಅದನ್ನ ಕಲೀಬೇಕು" ಎನ್ನುತ್ತಿದ್ದರು. ನಾನು ಅದನ್ನು ಪಾಠ ಎಂದೇ ನಂಬಿದ್ದೆ. ಸಂಜೆ ಅವರು ಬಾವಿಯ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಕೆಮ್ಮುತ್ತಿದ್ದರು. ಬಡಿಗರು ಕೆಮ್ಮುವುದು ಲೋಕರೂಢಿ ಎಂದುಕೊಂಡು ನಾನು ಉಳಿ ಮಸೆಯುತ್ತ ಕೂರುತ್ತಿದ್ದೆ.

ಮದುವೆಯಾದ ಮೇಲೆ ನಾನು ಬೆಟಗೇರಿಗೆ ಬಂದೆ. ಅದು ನನ್ನ ಹೆಂಡತಿ ಗಂಗವ್ವನ ತವರೂರು. ನೇಕಾರರ ಊರು, ಓಣಿಗಳ ತುಂಬ ಮಗ್ಗದ ಸದ್ದು. ಮಗ್ಗದ ಕಂಬ, ಅಡ್ಡಪಟ್ಟಿ, ಹಲಗೆ, ಲಾಳಿ ಮಾಡಿಕೊಡುವುದು ನನ್ನ ಕೆಲಸವಾಯಿತು. ಆಗಿನ್ನೂ ಲಕ್ಷ್ಮೇಶ್ವರ ಸಂಸ್ಥಾನದ ಊರು, ಗದಗ-ಬೆಟಗೇರಿ ಮುಂಬಯಿ ಸರಕಾರದ್ದು. ಕಾಕಾ ಅಲ್ಲಿಂದ ಕೊಯ್ದು ಕಳಿಸುತ್ತಿದ್ದ ಹಲಗೆಗಳ ಚಕ್ಕಡಿಯನ್ನು ನಡುವಿನ ಸುಂಕದ ನಾಕಾದಲ್ಲಿ ತಡೆದು ನಿಲ್ಲಿಸುತ್ತಿದ್ದರು. ಒಮ್ಮೆ ಕಾಗದದಲ್ಲಿ ಬೇವು ಎಂದು ಬರೆದಿತ್ತು, ಚಕ್ಕಡಿಯಲ್ಲಿ ಎರಡು ಹಲಗೆ ಮತ್ತಿ ಇದ್ದವು. ಇದ್ಯಾವ ಗಿಡ ಎಂದು ನಾಕಾದವರು ಹಲಗೆ ಮೂಸಿ ನೋಡುತ್ತ ಮಧ್ಯಾಹ್ನದವರೆಗೆ ನಮ್ಮನ್ನು ಬಿಸಿಲಲ್ಲಿ ಕೂರಿಸಿದ್ದರು. ಸ್ವಾತಂತ್ರ್ಯ ಬಂದು, ಸಂಸ್ಥಾನಗಳು ವಿಲೀನವಾದ ಮೇಲೆ ಆ ನಾಕಾ ಹೋಯಿತು. ಆದರೆ ಆ ಹೊತ್ತಿಗೆ ಕಾಕಾನಿಗೆ ಕುಣಿಗೆ ಇಳಿಯುವ ಶಕ್ತಿ ಉಳಿದಿರಲಿಲ್ಲ. ಹಲಗೆ ಬರುವುದು ಕಡಿಮೆಯಾಯಿತು. ನಮ್ಮ ಓಣಿಗೆ ಕರೆಂಟಿನ ತಂತಿ ಬಂದಾಗ, ಇನ್ನು ನಾನೇ ಮಶಿನ್ ಹಾಕಬೇಕು ಎಂದು ನಿಶ್ಚಯಿಸಿದೆ.

ಗದಗಿನಲ್ಲಿ ಹಳೆಯ ಯಂತ್ರ ಮಾರುವ ಒಬ್ಬ ವ್ಯಾಪಾರಿಯ ಬಳಿ ಎರಡು ಗರಗಸದ ಮೇಜುಗಳಿದ್ದವು. ಕಾಕಾನನ್ನೂ ಕರೆದುಕೊಂಡು ಹೋದೆ. ಮೊದಲನೆಯದಕ್ಕೆ ಇಪ್ಪತ್ನಾಲ್ಕು ಇಂಚಿನ ಬ್ಲೇಡು. ಎತ್ತರದ ನಾಲ್ಕು ಕಾಲು, ಹೊಸದಾಗಿ ಬಳಿದ ಹಸಿರು ಬಣ್ಣ. ಎರಡನೆಯದರ ಬ್ಲೇಡು ಹನ್ನೆರಡೇ ಇಂಚು. ಮೇಜು ದಪ್ಪ ಬೀಡುಕಬ್ಬಿಣದ್ದು, ನೋಡಲು ಗಿಡ್ಡ, ಬಣ್ಣ ಹೋಗಿತ್ತು. ನನ್ನ ಕಣ್ಣು ಮೊದಲನೆಯದನ್ನು ಬಿಟ್ಟು ಕದಲಲಿಲ್ಲ.

"ಎಂಟಿಂಚು ದಪ್ಪ ಇದ್ರೂ ಒಂದ ಸಲಕ್ಕ ಕೊಯ್ದು ಹಾಕತೈತ್ರಿ" ಎಂದ ವ್ಯಾಪಾರಿ.

ಕಾಕಾ ನನ್ನನ್ನು ಕೇಳಿದರು: "ನಿನ್ನ ಮಗ್ಗದ ಕಟ್ಟಿಗಿ ಎಷ್ಟು ದಪ್ಪ ಇರತಾವು?"

"ಭಾಳ ಅಂದ್ರ ಮೂರಿಂಚು."

"ಮತ್ತ ಎಂಟಿಂಚು ಕೊಯ್ಯೂದು ಏನೈತಿ?"

"ನಾಳಿ ದೊಡ್ಡ ಕೆಲಸ ಬಂದ್ರ, ಕಾಕಾ?"

"ಬಂದ್ರ ಆವಾಗ ನೋಡೋಣಂತ."

ಅವರು ಬ್ಲೇಡನ್ನು ಮುಟ್ಟಲೂ ಇಲ್ಲ. ಎರಡೂ ಯಂತ್ರಗಳ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿದರು. ಹಲಗೆ ಒರಗಿಕೊಂಡು ಸಾಗಬೇಕಾದ ಕಬ್ಬಿಣದ ಪಟ್ಟಿ ಬ್ಲೇಡಿಗೆ ನೆಟ್ಟಗೆ ನಿಲ್ಲುತ್ತದೆಯೇ ಎಂದು ದಾರ ಹಿಡಿದು ನೋಡಿದರು. ಆಮೇಲೆ ಮೊಣಕಾಲೂರಿ ಮೇಜಿನ ಕೆಳಗೆ ಬಗ್ಗಿದರು.

"ಬಾ ಇಲ್ಲೆ. ಸಣ್ಣದರ ಹೊಟ್ಟಿ ಪೆಟ್ಟಿಗಿ ಹಂಗ ಮುಚ್ಚೇತಿ, ಪುಡಿ ಬೀಳಾಕ ಕೆಳಗ ಒಂದ ಬಾಯಿ ಬಿಟ್ಟಾರ. ದೊಡ್ಡದರ ಹೊಟ್ಟಿ ಪೂರಾ ಬಯಲು. ಪುಡಿ ಎಲ್ಲಿ ಬೇಕಲ್ಲಿ ಹಾರತೈತಿ. ಸಣ್ಣದಕ್ಕ ಬ್ಲೇಡಿನ ಬೆನ್ನಿಗೆ ಒಂದು ಉಕ್ಕಿನ ತಗಡ ಐತಿ, ನೋಡಿದಿ? ದೊಡ್ಡದಕ್ಕ ಅದೂ ಇಲ್ಲ."

"ಪುಡಿ ಏನ್ ಕಾಕಾ, ಕಸಬರಗಿ ತಗೊಂಡು ಬಳದ್ರ ಆತು" ಎಂದೆ.

ಕಾಕಾ ಎದ್ದು ನಿಂತು ಕೈ ಝಾಡಿಸಿಕೊಂಡರು. ಕೆಮ್ಮು ಬಂತು. ಅದು ನಿಂತ ಮೇಲೆ, "ಕೆಲಸ ಮಾಡಾವ ನೀನು. ನಿನಗ ತಿಳದಂಗ ಮಾಡು" ಎಂದಷ್ಟೇ ಹೇಳಿದರು. ನಾನು ದೊಡ್ಡದನ್ನೇ ಚಕ್ಕಡಿಗೆ ಹೇರಿಸಿದೆ. ಓಣಿಯ ಜನ ನೋಡಲು ಬಂದರು. ಬ್ಲೇಡಿನ ಪಕ್ಕ ನಿಂತು ನಾನು ಏನೇನೋ ವಿವರಿಸಿದ್ದು ನೆನಪಿದೆ. ಈಗ ನಾಚಿಕೆಯಾಗುತ್ತದೆ.

ಮನೆಯ ಮುಂದಿನ ಪಡಸಾಲೆಗೆ ತಟ್ಟಿಯ ಗೋಡೆ ಕಟ್ಟಿ ಮಶಿನ್ ಕೂರಿಸಿದೆ. ಕುಣಿಯಲ್ಲಿ ಇಬ್ಬರು ದಿನವಿಡೀ ಕೊಯ್ಯುತ್ತಿದ್ದ ಕಟ್ಟಿಗೆ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ಹೊಟ್ಟು ಮನೆಯೊಳಗೆ ನಡೆದುಬಂತು. ಕೊಡದ ನೀರಿನ ಮೇಲೆ ಕೆನೆಯಂತೆ ಕೂರುತ್ತಿತ್ತು. ಗಂಗವ್ವ ಹಿಟ್ಟಿನ ಡಬ್ಬಿ, ಗಡಿಗೆ, ಹಾಸಿಗೆ ಎಲ್ಲಕ್ಕೂ ಬಟ್ಟೆ ಹೊದಿಸಿದಳು. "ರೊಟ್ಟಿ ಬಡಿಯೂ ಹೊತ್ತಿನ್ಯಾಗರ ನಿಂದ್ರಸ್ರಿ" ಎನ್ನುತ್ತಿದ್ದಳು. ನಾನು ನಿಲ್ಲಿಸುತ್ತಿರಲಿಲ್ಲ.

ನಮ್ಮ ಎದುರುಮನೆಯವರು ನೇಕಾರ ಶಂಕ್ರಪ್ಪ. ನೇಯುವ ಮೊದಲು ನೂಲಿನ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಎಳೆ ಎಳೆ ಬಿಡಿಸಿ ಒಣಗಿಸಬೇಕು. ಒಂದು ದಿನ ಬೆಳಿಗ್ಗೆ ಅವರೂ ಅವರ ಹೆಂಡತಿ ನಿಂಗವ್ವನೂ ಮದುವೆಯ ಸೀರೆಗಳಿಗೆಂದು ಕೆಂಪು ಹಾಸು ಹಿಡಿದಿದ್ದರು. ಒಳಗೆ ನಾನು ಸಾಗವಾನಿ ಕೊಯ್ಯುತ್ತಿದ್ದೆ. ಗಾಳಿ ತಿರುಗಿದ್ದು ನನಗೆ ಗೊತ್ತಾಗಲಿಲ್ಲ. ಮಶಿನ್ ನಿಲ್ಲಿಸಿ ಹೊರಗೆ ಬಂದು ನೋಡಿದರೆ, ಹಸಿ ಗಂಜಿಯ ಮೇಲೆ ಹೊಟ್ಟು ಅಂಟಿ ಹಾಸು ಪೂರ್ತಿ ಹುರುಕು ಹತ್ತಿದ ಮೈಯಂತಾಗಿತ್ತು. ನಿಂಗವ್ವ ನೆಲಕ್ಕೆ ಕುಳಿತು ಉಗುರಿನಿಂದ ಒಂದೊಂದೇ ಕಣ ಆರಿಸುತ್ತಿದ್ದಳು. ಅದು ಆರಿಸಿ ಮುಗಿಯುವಂಥದ್ದಲ್ಲ. ಒಣಗಿದ ಮೇಲೆ ಕಣ ಇದ್ದಲ್ಲೆಲ್ಲ ಎಳೆ ಹರಿಯುತ್ತದೆ.

ಜಗಳಕ್ಕೆ ಸಿದ್ಧನಾಗಿಯೇ ನಾನು ಅಂಗಳಕ್ಕೆ ಇಳಿದಿದ್ದೆ. ಶಂಕ್ರಪ್ಪ ದನಿ ಏರಿಸಲಿಲ್ಲ.

"ಬಡಿಗೇರ, ನಿಮ್ಮ ಕೆಲಸ ನಿಲ್ಲಸ್ರಿ ಅನ್ನಾಕ ನಂಗ ಬಾಯಿ ಬರೂದಿಲ್ಲ. ನನ್ನ ಮಗ್ಗ ಮಾಡಿಕೊಟ್ಟಾವ್ರು ನೀವು. ಆದ್ರ ನಮಗ ಈ ಓಣಿ ಬಿಟ್ರ ಹಾಸು ಹಿಡಿಯಾಕ ಬ್ಯಾರೆ ಜಾಗಾ ಇಲ್ರಿ."

ಹಾಳಾದ ನೂಲನ್ನು ನಾನು ತಂದುಕೊಡುತ್ತೇನೆ ಎಂದೆ. "ಅರ್ಧಾ ತರ್ರಿ. ಗಾಳಿ ನೋಡಿ ಹಾಸು ಹಿಡೀಲಿಲ್ಲ, ಅದು ನಂದೂ ತಪ್ಪು" ಎಂದರು. ಅವರು ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ಅರ್ಧ ನನ್ನನ್ನು ಬಹಳ ದಿನ ಕಾಡಿತು. ಅಂದಿನಿಂದ ಬೆಳಗಿನ ಹೊತ್ತು ಮಶಿನ್ ಹಚ್ಚುವುದನ್ನು ಬಿಟ್ಟೆ. ಕೆಲಸ ಅರ್ಧಕ್ಕಿಳಿಯಿತು.

ಗದಗಿನ ಒಂದು ಹತ್ತಿ ಜಿನ್ನಿನಲ್ಲಿ ಫಿಟ್ಟರ್ ಆಗಿದ್ದ ಇಮಾಮಸಾಬರು ನನಗೆ ಗುರುತಿನವರು. ಅವರ ಬಳಿ ಹೋಗಿ ಗೋಳು ತೋಡಿಕೊಂಡೆ. ಅವರು ನನ್ನನ್ನು ಒಳಗೆ ಕರೆದೊಯ್ದು ಒಂದು ತಗಡಿನ ಕೊಳವೆಗೆ ಕಿವಿ ಇಡಿಸಿದರು. ಒಳಗೆ ಹತ್ತಿ ಸರ್ರನೆ ಓಡುತ್ತಿತ್ತು. ಕೊಳವೆಯ ತುದಿಗೆ ಒಂದು ಪಂಖಾ ಇತ್ತು. ಅದು ಉಸಿರೆಳೆದಂತೆ ಗಾಳಿ ಎಳೆಯುತ್ತಿತ್ತು.

"ಹತ್ತಿ ಹೋಗತೈತಿ ಅಂದ್ರ ಹೊಟ್ಟು ಹೋಗೂದಿಲ್ಲೇನು, ಮೌನೇಶಿ?" ಎಂದರು.

ಮೂಲೆಗೆ ಬಿದ್ದಿದ್ದ ಹಳೆಯ ಪಂಖಾ ಒಂದನ್ನು ಮಾಲಕರನ್ನು ಕೇಳಿ ಕೊಡಿಸಿದರು. ಒಂದು ಶುಕ್ರವಾರ ನಮಾಜು ಮುಗಿಸಿ ನಮ್ಮ ಮನೆಗೆ ಬಂದು, ದೊಡ್ಡ ಮಶಿನ್ನಿನ ಕೆಳಗೆ ಬಗ್ಗಿ ನೋಡಿ, ಹಾಗೆಯೇ ಎದ್ದರು. "ಕೊಳವಿ ಎಲ್ಲಿ ಹಚ್ಚಲಿ? ಇದಕ್ಕ ಬಾಯಿನ ಇಲ್ಲಲ್ಲೋ." ಕಾಕಾ ಮೊಣಕಾಲೂರಿ ತೋರಿಸಿದ್ದು ಅದನ್ನೇ. ಸುತ್ತ ಹಲಗೆ ಬಡಿದು ಪೆಟ್ಟಿಗೆಯಂತೆ ಮಾಡಿದೆವು. ಸಂದುಗೊಂದುಗಳಿಂದ ಗಾಳಿ ಸೋರಿ, ನಾಲ್ಕರಲ್ಲಿ ಒಂದು ಪಾಲು ಹೊಟ್ಟೂ ಕೊಳವೆಗೆ ಹೋಗಲಿಲ್ಲ.

ಆ ಮಶಿನ್ನಿಗೆ ಕೊನೆ ಹಾಡಿದ್ದು ಒಂದು ಜಾಲಿಯ ಹಲಗೆ. ಅಡರಕಟ್ಟಿಯವರೊಬ್ಬರ ಚಕ್ಕಡಿಗೆಂದು ಉದ್ದಕ್ಕೆ ಸೀಳುತ್ತಿದ್ದೆ. ಅರ್ಧ ದಾಟಿರಬೇಕು, ಸೀಳು ಒಮ್ಮೆಲೇ ಕೂಡಿಕೊಂಡು ಬ್ಲೇಡನ್ನು ಕಚ್ಚಿತು. ಹಲಗೆ ನನ್ನ ಕೈಯಲ್ಲಿ ಇದ್ದದ್ದು ಗೊತ್ತು, ಹೋದದ್ದು ಗೊತ್ತಿಲ್ಲ. ಅದರ ತುದಿ ಪಕ್ಕೆಲುಬಿನ ಕೆಳಗೆ ಬಡಿದು, ನನ್ನನ್ನು ಉರುಳಿಸಿ, ತಟ್ಟಿಯ ಗೋಡೆ ಹರಿದುಕೊಂಡು ಓಣಿಗೆ ಹೋಗಿ ಬಿತ್ತು. ಆ ಹೊತ್ತಿಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಬೆಳಗಾಗಿದ್ದರೆ ನಿಂಗವ್ವ ಅಲ್ಲೇ ಕುಂಚ ಹಿಡಿದು ನಿಂತಿರುತ್ತಿದ್ದಳು.

ಒಳಗೆ ರಕ್ತ ಕಟ್ಟಿದೆ, ಮೂರು ವಾರ ಏಳಬಾರದು ಎಂದರು ಡಾಕ್ಟರು. ಗಂಗವ್ವ ನನ್ನ ತಲೆಯ ಬಳಿ ಕುಳಿತು ಶಾಂತವಾಗಿಯೇ ಹೇಳಿದಳು: "ಆ ಮಶಿನ್ ಇನ್ನ ಮ್ಯಾಲ ನಾ ಹಚ್ಚಾಕ ಬಿಡೂದಿಲ್ರಿ. ನೀವು ಬೈದ್ರೂ ಆತು, ಹೊಡದ್ರೂ ಆತು." ಅವಳೇ ಶಂಕ್ರಪ್ಪನವರಿಗೆ ಹೇಳಿ ಲಕ್ಷ್ಮೇಶ್ವರಕ್ಕೆ ಖಬರ ಮುಟ್ಟಿಸಿದಳು.

ಕಾಕಾ ಮರುದಿನವೇ ಬಂದರು. ನನ್ನ ಹೊಟ್ಟೆಯ ಮೇಲಿನ ನೀಲಿ ಗುರುತನ್ನೂ ಆ ಹಲಗೆಯನ್ನೂ ಬಹಳ ಹೊತ್ತು ನೋಡಿದರು. ನಾನು ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

"ಜಾಲಿ ಬಿಗುವಿನ ಕಟ್ಟಿಗಿ. ಕೊಯ್ಕೋತ ಹೋದಂಗ ಸೀಳು ಮುಚ್ಚಿಕೋತೈತಿ. ಬ್ಲೇಡಿನ ಬೆನ್ನಿಗೆ ಆ ತಗಡ ಇದ್ರ ಸೀಳು ತೆರದ ಇರತೈತಿ. ಅದಕ್ಕ ಅದನ್ನ ಇಡೂದು" ಎಂದು ಹೊಸ ಪಾಠ ಹೇಳಿದಂತೆ ಹೇಳಿದರು. ತುಸು ಹೊತ್ತಿನ ಮೇಲೆ, "ಸಣ್ಣದು ಅಲ್ಲೇ ಐತಿ. ಬಸ್ ಇಳದಾವ ನೋಡಿಕೊಂಡ ಬಂದೆ. ಬ್ಲೇಡ್ ಸಣ್ಣದು ಅಂತ ಯಾರೂ ಒಯ್ದಿಲ್ಲ" ಎಂದರು.

ದೊಡ್ಡದನ್ನು ವ್ಯಾಪಾರಿ ಮರಳಿ ತೆಗೆದುಕೊಳ್ಳಲು ಮೊದಲು ಒಪ್ಪಲಿಲ್ಲ. ಇಮಾಮಸಾಬರೂ ಕಾಕಾನೂ ಹೋಗಿ ಅರ್ಧ ದಿನ ಮಾತಾಡಿ ಒಪ್ಪಿಸಿದರು. ಹೀಗೆ, ನಾನು ಹಾಸಿಗೆಯಲ್ಲಿದ್ದಾಗಲೇ ನನ್ನ ಮಶಿನ್ ಬದಲಾಯಿತು.

ಸಣ್ಣ ಮಶಿನ್ನಿನ ಬಾಯಿಗೆ ತಗಡಿನ ಕೊಳವೆ ಸರಿಯಾಗಿ ಕೂತಿತು. ಪಂಖಾ ಹೊಟ್ಟನ್ನು ಎಳೆದು ಹಿತ್ತಲಿಗೆ ಒಗೆಯುತ್ತಿತ್ತು. ಅಲ್ಲಿ ಅದನ್ನು ಹಿಡಿಯಲು ಒಂದು ಚೀಲ ಬೇಕು. ಮೊದಲು ಗೋಣಿಚೀಲ ಕಟ್ಟಿದೆ. ದಪ್ಪ ಹೊಟ್ಟು ನಿಂತಿತು, ಸಣ್ಣ ಪುಡಿ ಹೊಗೆಯಂತೆ ಹೊರಗೆ ಬಂತು. ಇಲ್ಲಿ ಒಂದು ಮಾತು ಹೇಳಬೇಕು. ಕಣ್ಣಿಗೆ ಕಾಣುವ ಹೊಟ್ಟು ಅಷ್ಟು ಕೆಟ್ಟದ್ದಲ್ಲ, ಮೂಗಿನಲ್ಲೇ ಉಳಿಯುತ್ತದೆ. ಬಿಸಿಲುಕೋಲಿನಲ್ಲಿ ಮಾತ್ರ ಕಾಣುವ ಆ ಸಣ್ಣ ಪುಡಿ ಎದೆಯವರೆಗೆ ಇಳಿಯುತ್ತದೆ. ಗೋಣಿ ಬೇಡವೆಂದು ತಾಡಪತ್ರಿಯ ಚೀಲ ಹೊಲಿಸಿದೆ. ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಚೀಲ ಉಬ್ಬಿ ನಿಂತಿತು, ಪಂಖಾ ಎಳೆಯುವುದನ್ನೇ ಬಿಟ್ಟಿತು.

ಶಂಕ್ರಪ್ಪ ಒಂದು ಸಂಜೆ ಹಿತ್ತಲಿಗೆ ಬಂದು ಎರಡೂ ಚೀಲಗಳನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಗಾಳಿ ಹೋಗಬೇಕು, ಪುಡಿ ಹೋಗಬಾರದು. ಹೌದಿಲ್ರಿ?"

"ಹೌದ್ರಿ."

"ಇದು ಬಡಿಗೇರ ಕೆಲಸ ಅಲ್ರಿ, ನಮ್ಮ ಕೆಲಸ. ದಪ್ಪ ನೂಲು ತಗೊಂಡು ಮಗ್ಗದ ಹಲಗಿ ಗಟ್ಟಿಯಾಗಿ ಬಡದು ನೇಯಬೇಕು. ಎಂಟು ದಿನ ಕೊಡ್ರಿ."

ಎಂಟು ದಿನಕ್ಕೆ ಅವರು ತಂದ ಬಟ್ಟೆಯನ್ನು ಗಂಗವ್ವ ಎರಡು ಹೊಲಿಗೆ ಹಾಕಿ ಹೊಲಿದಳು. ಮಶಿನ್ ಹಚ್ಚಿದೆವು. ಚೀಲ ಉಬ್ಬಿತು, ಮೈಯೆಲ್ಲ ಗಾಳಿ ಬಿಟ್ಟಿತು. ಶಂಕ್ರಪ್ಪ ತಮ್ಮ ಬಿಳಿ ಪಂಜೆಯ ಚುಂಗನ್ನು ಚೀಲಕ್ಕೆ ಹಿಡಿದು ನೋಡಿ, ನನಗೂ ತೋರಿಸಿದರು. ಪಂಜೆ ಬಿಳಿಯದಾಗಿಯೇ ಇತ್ತು.

ಆ ಚೀಲ ತಿಂಗಳೊಪ್ಪತ್ತಿನಲ್ಲಿ ಸುಟ್ಟುಹೋಯಿತು. ತಪ್ಪು ನನ್ನದೇ. ಹಳೆಯ ಬಾಗಿಲಿನ ಕಟ್ಟಿಗೆ ಕೊಯ್ಯುವಾಗ ಅದರಲ್ಲಿದ್ದ ಮೊಳೆ ನೋಡಿರಲಿಲ್ಲ. ಮೊಳೆಯ ಚೂರು ಕೊಳವೆಯಲ್ಲಿ ಹೋಗಿ ಪಂಖಾದ ರೆಕ್ಕೆಗೆ ತಾಗಿ ಕಿಡಿ ಎದ್ದಿದೆ. ಮಧ್ಯಾಹ್ನ ಗಂಗವ್ವ ಬಟ್ಟೆ ಒಣಹಾಕಲು ಹೋದಾಗ ಚೀಲದಿಂದ ಹೊಗೆ ಬರುತ್ತಿತ್ತು. ಅವಳು ಕೂಗಲಿಲ್ಲ. ಎರಡು ಕೊಡ ನೀರು ಸುರಿದ ಮೇಲೆ ಬಂದು ನನಗೆ ಹೇಳಿದಳು. ಚೀಲ ಮನೆಯೊಳಗಿದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಇಮಾಮಸಾಬರು ಬಂದು ಪಂಖಾಕ್ಕಿಂತ ಮೊದಲು ಒಂದು ದೊಡ್ಡ ಪೀಪಾಯಿ ಇಟ್ಟು ಕೊಳವೆ ತಿರುಗಿಸಿದರು. ಭಾರದ ಹೊಟ್ಟು, ಚಕ್ಕೆ, ಮೊಳೆ ಎಲ್ಲ ಪೀಪಾಯಿಗೆ ಬಿದ್ದು, ಹಗುರ ಪುಡಿ ಮಾತ್ರ ಪಂಖಾದಿಂದ ಚೀಲಕ್ಕೆ ಹೋಗತೊಡಗಿತು. ಶಂಕ್ರಪ್ಪ ಮತ್ತೊಂದು ಚೀಲದ ಬಟ್ಟೆ ನೇಯ್ದರು. ಪೀಪಾಯಿಯ ಹೊಟ್ಟು ನಿಂಗವ್ವನ ಬಣ್ಣ ಕುದಿಸುವ ಒಲೆಗೆ ಹೋಗುತ್ತಿತ್ತು. ನಾನು ಮತ್ತೆ ಬೆಳಗಿನ ಹೊತ್ತು ಕೊಯ್ಯಲು ಶುರುಮಾಡಿದೆ. ಹೊರಗೆ ಅವರು ಹಾಸು ಹಿಡಿಯುತ್ತಿದ್ದರು.

ಕನ್ನಡ ನಾಡು ಒಂದಾಗುವ ಸುದ್ದಿ ಎಲ್ಲರ ಬಾಯಲ್ಲಿದ್ದ ಆ ದಿನಗಳಲ್ಲಿ ಮುಂಡರಗಿ ಕಡೆಯ ಒಂದು ಶಾಲೆಯ ಹೆಡ್‌ಮಾಸ್ತರರು ಬೆಂಚು ಮಾಡಿಸಲು ಬಂದರು. ಏಕೀಕರಣದ ದಿನ ಮಕ್ಕಳು ನೆಲದ ಮೇಲೆ ಕೂರಬಾರದು ಎಂಬುದು ಅವರ ಆಸೆ. ಅಷ್ಟು ದೊಡ್ಡ ಕೆಲಸ ನಾನು ಹಿಡಿದಿರಲಿಲ್ಲ. ಅಳತೆ ಕೇಳಲು ಲಕ್ಷ್ಮೇಶ್ವರಕ್ಕೆ ಹೋದೆ.

ಕಾಕಾ ಕಟ್ಟೆಯ ಮೇಲೆ ಕುಳಿತಿದ್ದರು. ಕಟ್ಟಿಗೆಯ ಪುಡಿ ಇದ್ದಲ್ಲಿಗೆ ಹೋಗಲೇಬಾರದು ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅವರ ಉಳಿ, ಬಾಚಿಗಳಿಗೆಲ್ಲ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಡಲಾಗಿತ್ತು. ಹತ್ತು ಹೆಜ್ಜೆ ನಡೆದರೆ ಉಸಿರು ಕಟ್ಟುತ್ತಿತ್ತು. ಅಳತೆ ಹೇಳುವಾಗ ಅವರ ಬೆರಳುಗಳು ತೊಡೆಯ ಮೇಲೆ ಹಲಗೆ ತಳ್ಳುವಂತೆ ಆಡುತ್ತಿದ್ದವು. ಅಂದು ಅವರ ಎದುರು ಕುಳಿತಾಗ, ಕುಣಿಯಲ್ಲಿ ಅಷ್ಟು ವರ್ಷ ಅವರೇ ಏಕೆ ಕೆಳಗಿಳಿಯುತ್ತಿದ್ದರು ಎಂಬುದು ನನಗೆ ತಿಳಿಯಿತು.

"ಬೆಟಗೇರಿಗೆ ನಡೀರಿ ಕಾಕಾ" ಎಂದೆ.

"ನಾ ಏನ್ ಮಾಡ್ಲಿ ಬಂದು? ಮಶಿನ್ ಹಚ್ಚಿದ ಕೂಡ್ಲೆ ನನ್ನ ಎಬ್ಬಿಸಿ ಹೊರಗ ಕುಂಡ್ರಸ್ತಿ."

"ಒಮ್ಮೆ ಬಂದು ನೋಡ್ರಿ. ಕೆಮ್ಮು ಬಂದ್ರ ಅವತ್ತ ಬಸ್ಸಿಗೆ ಹತ್ತಸ್ತೀನಿ."

ಬಂದರು. ಗಂಗವ್ವ ಬಾಗಿಲ ಬಳಿ ಗಾಳಿ ಆಡುವ ಕಡೆ ಕುರ್ಚಿ ಹಾಕಿದಳು. ಮೂಗಿಗೆ ಕಟ್ಟಿಕೊಳ್ಳಲು ಶಂಕ್ರಪ್ಪ ಒಂದು ತೆಳು ಬಟ್ಟೆ ಕೊಟ್ಟರು. ನಾನು ಹಲಗೆಯ ದಪ್ಪಕ್ಕಿಂತ ಕೂದಲಷ್ಟೇ ಮೇಲೆ ಹಲ್ಲು ಕಾಣುವಂತೆ ಬ್ಲೇಡನ್ನು ಹೊಂದಿಸಿ, ಪಂಖಾ ಹಚ್ಚಿ, ಆಮೇಲೆ ಮಶಿನ್ ಹಚ್ಚಿದೆ. ಒಂದು ಹಲಗೆ ಕೊಯ್ದೆ. ಎರಡು ಕೊಯ್ದೆ. ಕಾಕಾ ಬಾಗಿಲಿನಿಂದ ಬೀಳುತ್ತಿದ್ದ ಬಿಸಿಲನ್ನೇ ನೋಡುತ್ತಿದ್ದರು. ಅದರಲ್ಲಿ ಪುಡಿ ಕಾಣುತ್ತದೆಯೇ ಎಂದು ನೋಡುತ್ತಿದ್ದರೆಂದು ನನಗೆ ಆಮೇಲೆ ಹೊಳೆಯಿತು. ಐದಾರು ಹಲಗೆ ಆದ ಮೇಲೆ ಅವರು ಎದ್ದರು. ಹೊರಗೆ ಹೋಗುತ್ತಾರೆಂದು ನಾನು ದಾರಿ ಬಿಟ್ಟೆ. ಅವರು ಒಳಗೆ ಬಂದು ನನ್ನ ಜಾಗದಲ್ಲಿ ನಿಂತರು.

"ಸರಿ ಅತ್ತಾಗ."

ನಾನು ಸರಿದೆ. ಅವರು ಬೆಂಚಿನ ಹಲಗೆಯನ್ನು ಪಟ್ಟಿಗೆ ಒತ್ತಿ ಹಿಡಿದು, ತುದಿಗೆ ಬಂದಾಗ ಕೈ ತೆಗೆದು ಕೋಲಿನಿಂದ ತಳ್ಳಿ, ನಿಧಾನವಾಗಿ, ನೆಟ್ಟಗೆ ಕೊಯ್ದರು. ಎರಡು ವರ್ಷ ಕಟ್ಟಿಗೆ ಮುಟ್ಟದ ಕೈ ಎಂದು ಯಾರೂ ಹೇಳುವಂತಿರಲಿಲ್ಲ. ಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಕೊಯ್ದು ಮುಗಿದ ಹಲಗೆಯ ಅಂಚಿನ ಮೇಲೆ ಅವರು ಹೆಬ್ಬೆರಳು ಎಳೆದು ನೋಡಿದರು. ಕೆಮ್ಮು ಬರಬಹುದೆಂದು ನಾವು ಮೂವರೂ ಕಾಯ್ದೆವು. ಬರಲಿಲ್ಲ.

ಕಾಕಾ ನನ್ನ ಕಡೆ ತಿರುಗದೆಯೇ ಕೈ ಚಾಚಿದರು.

"ಇನ್ನೊಂದು ಹಲಗಿ ಕೊಡು" ಎಂದರು.